ಗುರ್ರ್ ಅನ್ನೋ ಫೋನು, ಅನ್ನದ ಫೋನು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ವೈಬ್ರೇಶನ್. ಒಬ್ಬರಿಗೆ ಜಾಸ್ತಿ ಆಗಿದೆ, ಇನ್ನೊಬ್ಬರಿಗೆ ಸಾಲದು, ಮತ್ತೊಬ್ಬರಿಗೆ ಬರ್ತಾನೇ ಇಲ್ಲ. ಎಲ್ಲವೂ ಆಂಡ್ರಾಯ್ಡ್ ಫೋನುಗಳೇ, ಹಾಗಾಗಿ ಒಟ್ಟಿಗೇ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆನುವಿನ ಹೆಸರು ಕಂಪನಿಗೊಂದು ಥರ ಇರುತ್ತದೆ. ನಾನು ಹೇಳಿದ ಹೆಸರು ನಿಮ್ಮ ಫೋನಿನಲ್ಲಿ ಸಿಗದಿದ್ದರೆ ಸೆಟ್ಟಿಂಗ್ಸ್ ತೆರೆದು, ಮೇಲೆ ಹುಡುಕೋ ಜಾಗದಲ್ಲಿ ವೈಬ್ರೇಶನ್ ಅಂತ ಹೊಡೆಯಿರಿ. ಅದೇ ಎಲ್ಲ ಎಳೆದು ತರುತ್ತದೆ.

ಪ್ರಶ್ನೆ: ಹಾವೇರಿ ಹತ್ತಿರದ ಶಾಲೆಯಲ್ಲಿ ಟೀಚರ್ ನಾನು. ಪೋಷಕರ ಗುಂಪಿಗೆ ದಿನಾ ಕನ್ನಡದಲ್ಲಿ ಉದ್ದದ ಮೆಸೇಜ್ ಹಾಕಬೇಕು. ಒಂದೊಂದು ಅಕ್ಷರ ಒತ್ತಿದಾಗಲೂ ಫೋನ್ ನಡುಗುತ್ತದೆ, ಬೆರಳು ಜುಮ್ ಅನ್ನುತ್ತದೆ. ಟಚ್ ಫೀಡ್‌ಬ್ಯಾಕ್ ಆಫ್ ಮಾಡಿದೆ, ಆದರೂ ನಿಲ್ಲಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪೇನಿಲ್ಲ ಟೀಚರ್, ನೀವು ಒತ್ತಿದ್ದು ಪಕ್ಕದ ಮನೆಯ ಸ್ವಿಚ್ಚು. ಫೋನಿನಲ್ಲಿ ವೈಬ್ರೇಶನ್ ಅನ್ನೋದು ಒಂದೇ ಅಲ್ಲ. ಕರೆ ಬಂದಾಗಿನದು ಒಂದು, ನೋಟಿಫಿಕೇಶನ್‌ದು ಇನ್ನೊಂದು, ಅಲಾರಂದು ಬೇರೆ, ಸ್ಕ್ರೀನ್ ಮುಟ್ಟಿದಾಗ ಬರೋದು ಬೇರೆ. ಇವೆಲ್ಲ ಸೌಂಡ್ ಆಂಡ್ ವೈಬ್ರೇಶನ್ ಒಳಗೆ ಸಿಗುತ್ತವೆ. ಕೀಬೋರ್ಡ್ ಮಾತ್ರ ಬೇರೆ ಒಲೆ ಹೂಡಿದ ಮಗನ ಹಾಗೆ, ತನ್ನ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ.

ಗೂಗಲ್‌ನವರ ಕೀಬೋರ್ಡ್ ಜಿಬೋರ್ಡ್ ಬಳಸುತ್ತಿದ್ದರೆ ಟೈಪ್ ಮಾಡೋ ಜಾಗ ತೆರೆದು, ಕೀಬೋರ್ಡಿನ ಮೇಲಿನ ಸಾಲಿನಲ್ಲಿರೋ ಚಕ್ರದ ಗುರುತು ಒತ್ತಿ, ಪ್ರಿಫರೆನ್ಸಸ್‌ಗೆ ಹೋಗಿ. ಕೆಳಗೆ ಕೀ ಒತ್ತಿದಾಗಿನ ವೈಬ್ರೇಶನ್ನಿಗೆ ಒಂದು ಸ್ವಿಚ್ಚು, ಅದರ ಜೋರಿಗೆ ಒಂದು ಪಟ್ಟಿ ಎರಡೂ ಇವೆ. ಸ್ಯಾಮ್‌ಸಂಗ್ ಕೀಬೋರ್ಡ್ ಆದರೆ ಸೆಟ್ಟಿಂಗ್ಸ್, ಜನರಲ್ ಮ್ಯಾನೇಜ್‌ಮೆಂಟ್, ಸ್ಯಾಮ್‌ಸಂಗ್ ಕೀಬೋರ್ಡ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋದರೆ ಕೀಬೋರ್ಡಿನದ್ದೇ ಬೇರೆ ಟಚ್ ಫೀಡ್‌ಬ್ಯಾಕ್ ಸಿಗುತ್ತದೆ.

ಪೂರ್ತಿ ಆಫ್ ಮಾಡಬೇಡಿ ಅಂತ ನನ್ನ ಸಲಹೆ. ಗಾಜಿನ ಮೇಲೆ ಬೆರಳಿಗೆ ಉಬ್ಬು ತಗ್ಗು ಏನೂ ಸಿಗೋದಿಲ್ಲ, ಅಕ್ಷರ ಒತ್ತಿತೋ ಇಲ್ಲವೋ ಅಂತ ಹೇಳೋದು ಆ ಸಣ್ಣ ನಡುಕ ಒಂದೇ. ಪಟ್ಟಿಯನ್ನು ಗೊತ್ತಾಗಿಯೂ ಗೊತ್ತಾಗದಷ್ಟಕ್ಕೆ ಇಳಿಸಿ ಸಾಕು. ಮತ್ತೆ ನಿಮ್ಮ ಬೆರಳು ಜುಮ್ ಅನ್ನೋದರಲ್ಲಿ ಆಶ್ಚರ್ಯ ಇಲ್ಲ ಬಿಡಿ. ಕನ್ನಡ ಕೀಬೋರ್ಡಿನಲ್ಲಿ ಹುಬ್ಬಳ್ಳಿ ಅಂತ ಬರೆಯೋಕೆ ಹ, ಕೊಂಬು, ಬ, ಅರ್ಧಾಕ್ಷರದ ಗುರುತು, ಮತ್ತೆ ಬ, ಹೀಗೆ ಲೆಕ್ಕ ಹಾಕಿದರೆ 9 ಸಲ ಒತ್ತಬೇಕು. ಒಂದು ಊರಿನ ಹೆಸರಿಗೆ 9 ಗುರ್ರ್!

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ಕಾಲೇಜು ಓದುತ್ತಿದ್ದೇನೆ. ನನ್ನ ಗೆಳೆಯನ ಫೋನಿನಲ್ಲಿ ಕೀ ಒತ್ತಿದರೆ ಟಿಕ್ ಅಂತ ಚೂಪಾಗಿ ಬರುತ್ತದೆ. ನನ್ನದು ಗುರ್ರ್ ಅಂತ ಎಳೆಯುತ್ತದೆ. ಯಾವ ಸೆಟ್ಟಿಂಗ್ ಬದಲಿಸಬೇಕು?

ಉತ್ತರ: ಯಾವುದೂ ಇಲ್ಲ ತಮ್ಮಾ. ಫೋನ್ ಬದಲಿಸಬೇಕು, ಅಷ್ಟೇ.

ಸುಮ್ನೆ ಹೇಳುತ್ತಿಲ್ಲ, ಒಳಗಿರೋ ಮೋಟರೇ ಬೇರೆ. ಕಡಿಮೆ ಬೆಲೆಯ ಫೋನುಗಳಲ್ಲಿ ನಾಣ್ಯದಂಥ ಪುಟ್ಟ ಮೋಟರ್ ಇರುತ್ತದೆ, ಅದರ ಅಚ್ಚಿಗೆ ಒಂದೇ ಕಡೆ ತೂಕ ಕೂರಿಸಿರುತ್ತಾರೆ. ತಿರುಗಿದಾಗ ಓಲಾಡುತ್ತದೆ. ವಾಷಿಂಗ್ ಮಷೀನಿನಲ್ಲಿ ಒದ್ದೆ ಕಂಬಳಿ ಒಂದೇ ಕಡೆ ಸೇರಿಕೊಂಡಾಗ ಇಡೀ ಮಷೀನು ಬಚ್ಚಲಲ್ಲಿ ನಡೆದಾಡುತ್ತದೆ ನೋಡಿ, ಅದೇ ಕಥೆ. ಈ ಮೋಟರ್ ವೇಗ ಹಿಡಿಯೋಕೆ ಒಂದಿಷ್ಟು ಹೊತ್ತು ಬೇಕು, ನಿಲ್ಲೋಕೂ ಬೇಕು. ನೀನು ಮುಂದಿನ ಅಕ್ಷರಕ್ಕೆ ಹೋದರೂ ಹಿಂದಿನ ಅಕ್ಷರದ ನಡುಕ ಮುಗಿದಿರೋದಿಲ್ಲ. ಗುರ್ರ್ ಅನ್ನೋದು ಅದಕ್ಕೇ.

ಗೆಳೆಯನ ಫೋನಿನಲ್ಲಿರೋದು ಲೀನಿಯರ್ ಮೋಟರ್ ಇರಬೇಕು. ಅದು ತಿರುಗೋದಿಲ್ಲ. ಸ್ಪ್ರಿಂಗಿಗೆ ಕಟ್ಟಿದ ಒಂದು ತೂಕ ಹಿಂದೆ ಮುಂದೆ ಆಡುತ್ತದೆ. ಪಂಚಮಿಗೆ ಜೋಕಾಲಿ ಜೀಕಿದ್ದೀಯಲ್ಲ? ಜೋಕಾಲಿಗೆ ಅದರದ್ದೇ ಒಂದು ಲಯ ಇರುತ್ತದೆ, ಆ ಲಯಕ್ಕೆ ಸರಿಯಾಗಿ ಹಗುರವಾಗಿ ನೂಕಿದರೂ ಮರದ ಟೊಂಗೆ ಮುಟ್ಟುವಷ್ಟು ಹೋಗುತ್ತದೆ, ಲಯ ತಪ್ಪಿ ಎಷ್ಟು ಜೋರಾಗಿ ನೂಕಿದರೂ ಕೈ ನೋಯುತ್ತದೆ ಅಷ್ಟೇ. ಈ ಮೋಟರನ್ನೂ ಅದರ ಲಯಕ್ಕೇ ನೂಕುತ್ತಾರೆ, ಸೆಕೆಂಡಿಗೆ ಹೆಚ್ಚುಕಡಿಮೆ 150ರಿಂದ 250 ಸಲ. ನಮ್ಮ ಚರ್ಮಕ್ಕೆ ಚೆನ್ನಾಗಿ ತಿಳಿಯೋ ನಡುಕವೂ ಆಸುಪಾಸು ಅಷ್ಟೇ ವೇಗದ್ದು. ಹಾಗಾಗಿ ಟಿಕ್ ಅಂತ ಶುರುವಾಗಿ ಟಿಕ್ ಅಂತಲೇ ಮುಗಿಯುತ್ತದೆ.

ಸದ್ಯಕ್ಕೆ ನೀನು ಮಾಡಬಹುದಾದದ್ದು ಒಂದೇ. ನಾಣ್ಯದ ಮೋಟರಿನಲ್ಲಿ ಟಚ್ ವೈಬ್ರೇಶನ್ ಇಳಿಸಿಬಿಡು, ಜೋರು ಮಾಡಿದಷ್ಟೂ ಅಸಹ್ಯ. ಮುಂದಿನ ಸಲ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋದರ ಜೊತೆಗೆ ಅಂಗಡಿಯಲ್ಲೇ ನಾಲ್ಕು ಸಾಲು ಟೈಪ್ ಮಾಡಿ ನೋಡು. ಬೆರಳಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಪಾವರ್‌ಲೂಮ್. ಮಗ್ಗ ಶುರುವಾದರೆ ರಿಂಗ್ ಕೇಳೋದೇ ಇಲ್ಲ. ವೈಬ್ರೇಟ್ ಇಟ್ಟು ಅಂಗಿ ಕಿಸೆಯಲ್ಲಿ ಹಾಕಿಕೊಂಡರೂ ತಿಳಿಯೋದಿಲ್ಲ. ಸಾವಕಾರರು ನಾಲ್ಕು ಸಲ ಫೋನ್ ಮಾಡಿ ಬೈದರು. ಏನು ಮಾಡಲಿ?

ಉತ್ತರ: ಈ ವಾರದ ಒಳ್ಳೆ ಪ್ರಶ್ನೆ ಇದೇ ಅಣ್ಣಾ, ಸ್ವಲ್ಪ ಉದ್ದ ಆದರೂ ಓದಿ.

ಮೊದಲು ಸೌಂಡ್ ಆಂಡ್ ವೈಬ್ರೇಶನ್ ಒಳಗೆ ಕರೆಯ ವೈಬ್ರೇಶನ್ ಪಟ್ಟಿಯನ್ನು ತುದಿಗೆ ಎಳೆಯಿರಿ. ಎಳೆಯುವಾಗಲೇ ಒಂದು ಸಲ ನಡುಗಿ ತೋರಿಸುತ್ತದೆ. ರಿಂಗ್ ಆಗುವಾಗಲೂ ನಡುಗಬೇಕು ಅನ್ನೋದಕ್ಕೆ ಬೇರೆ ಸ್ವಿಚ್ಚು ಇರುತ್ತದೆ, ಅದನ್ನೂ ಆನ್ ಮಾಡಿ, ಎಷ್ಟೋ ಜನರದು ಆಫ್ ಆಗಿಯೇ ಇರುತ್ತದೆ. ಸ್ಯಾಮ್‌ಸಂಗ್‌ನಂಥ ಫೋನುಗಳಲ್ಲಿ ನಡುಕದ ಮಾದರಿಯನ್ನೂ ಆರಿಸಬಹುದು. ಅಲ್ಲಿ ಒಂದೇ ಸಮ ಎಳೆಯೋದು ಬೇಡ, ಬಿಟ್ಟು ಬಿಟ್ಟು ಹೊಡೆಯೋದನ್ನು ಆರಿಸಿ. ಕಾರಣ ನಿಮಗೇ ಗೊತ್ತಿದೆ. ಹೊಸಬರು ಮಗ್ಗದ ಮನೆಗೆ ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ, ನಿಮಗೆ ಆ ಸದ್ದು ಇದೆ ಅನ್ನೋದೇ ಮರೆತಿರುತ್ತದೆ, ಮಗ್ಗ ನಿಂತಾಗ ಮಾತ್ರ ತಲೆ ಎತ್ತುತ್ತೀರಿ. ಚರ್ಮವೂ ಹಾಗೇ. ಒಂದೇ ಸಮನೆ ಇರೋದಕ್ಕೆ ಒಗ್ಗಿಹೋಗುತ್ತದೆ, ಬದಲಾದರೆ ಎಚ್ಚರಾಗುತ್ತದೆ.

ಆಮೇಲೆ ಕಿಸೆ. ಅಂಗಿಯ ಕಿಸೆ ಜೋತಾಡುತ್ತದೆ, ನಡುಕವನ್ನೆಲ್ಲ ಬಟ್ಟೆಯೇ ನುಂಗುತ್ತದೆ. ಪ್ಯಾಂಟಿನ ಬಿಗಿ ಕಿಸೆ ಅಥವಾ ಸೊಂಟಕ್ಕೆ ಕಟ್ಟೋ ಚೀಲ ವಾಸಿ, ಮೈಗೆ ಒತ್ತಿಕೊಂಡಿರಬೇಕು. ದಪ್ಪ ರಬ್ಬರ್ ಕವರ್ ಹಾಕಿದ್ದರೆ ಕೆಲಸದ ಹೊತ್ತಿಗೆ ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಭರವಸೆ ಕೊಡೋಕೆ ನನ್ನ ಮನಸ್ಸು ಒಪ್ಪೋದಿಲ್ಲ. ನೆಲವೇ ನಡುಗುವಾಗ ಫೋನಿನೊಳಗಿನ ಗುಲಗಂಜಿಯಂಥ ಮೋಟರ್ ಏನು ತಾನೇ ಮಾಡೀತು? ಅದಕ್ಕೆ ಕಣ್ಣಿಗೆ ಕಾಣೋ ದಾರಿ ಹಿಡಿಯಿರಿ. 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಫ್ಲ್ಯಾಶ್ ನೋಟಿಫಿಕೇಶನ್ ಅಂತ ಸೇರಿಸಿದ್ದಾರೆ. ಕರೆ ಬಂದರೆ ಹಿಂದಿನ ಕ್ಯಾಮೆರಾ ಲೈಟು ಮಿಂಚುತ್ತದೆ, ಬೇಕಾದರೆ ಸ್ಕ್ರೀನೂ ಬಣ್ಣದಲ್ಲಿ ಮಿಂಚುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದಕ್ಕಿಂತ ಹಿಂದೆಯೇ ಇತ್ತು. ಆಕ್ಸೆಸಿಬಿಲಿಟಿ ಒಳಗೆ ಹುಡುಕಿ. ಕಿವಿ ಕೇಳದವರಿಗೆ ಅಂತ ಮಾಡಿದ್ದು, ಮಗ್ಗದ ಮನೆಗೂ ಹೇಳಿ ಮಾಡಿಸಿದ ಹಾಗಿದೆ. ಫೋನನ್ನು ನಿಮ್ಮ ಎದುರಿನ ಗೂಡಿನಲ್ಲಿ ಬೋರಲು ಇಡಿ, ಲೈಟು ಮೇಲೆ ಬರುತ್ತದೆ. ಕೈಗೆ ಕಟ್ಟೋ ಬ್ಯಾಂಡ್ ಕೂಡ ಕರೆ ಬಂದಾಗ ಮಣಿಕಟ್ಟಿನಲ್ಲಿ ನಡುಗುತ್ತದೆ, ಆದರೆ ಓಡೋ ಮಷೀನಿನ ಹತ್ತಿರ ಕೈಗೆ ಏನಾದರೂ ಕಟ್ಟಿಕೊಳ್ಳಿ ಅಂತ ನಾನಂತೂ ಹೇಳೋದಿಲ್ಲ.

ಪ್ರಶ್ನೆ: ಧಾರವಾಡ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ. ಓದೋ ಕೋಣೆಯಲ್ಲಿ ಫೋನ್ ವೈಬ್ರೇಟ್ ಇಟ್ಟು ಟೇಬಲ್ ಮೇಲೆ ಇಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ. ಸೈಲೆಂಟ್ ಮಾಡಿದರೆ ಊರಿಂದ ಅವ್ವನ ಫೋನ್ ತಪ್ಪುತ್ತದೆ.

ಉತ್ತರ: ಸಂಗೀತದ ಊರಿನಲ್ಲಿದ್ದುಕೊಂಡು ಹೀಗೆ ಮಾಡಬಹುದಾ? ತಂಬೂರಿಯ ತಂತಿಯನ್ನು ಬರೀ ಎರಡು ಮೊಳೆಗೆ ಬಿಗಿದು ಮೀಟಿದರೆ ಪಕ್ಕದವನಿಗೂ ಸರಿಯಾಗಿ ಕೇಳೋದಿಲ್ಲ. ಅದೇ ತಂತಿ ಬುರುಡೆಯ ಮೇಲೆ ಕೂತರೆ ಕೋಣೆ ತುಂಬುತ್ತದೆ. ನಿನ್ನ ಫೋನಿಗೆ ಆ ಟೇಬಲ್ಲೇ ಬುರುಡೆ. ಕಿಸೆಯಲ್ಲಿ ಇಟ್ಟುಕೋ, ಇಲ್ಲ ಅಂದರೆ ನೋಟ್‌ಬುಕ್ ಮೇಲೆ ಕರವಸ್ತ್ರ ಮಡಚಿ ಅದರ ಮೇಲಿಡು.

ಆಮೇಲೆ ಅವ್ವನ ನಂಬರಿಗೆ ಕಾಂಟ್ಯಾಕ್ಟ್ಸ್‌ನಲ್ಲಿ ನಕ್ಷತ್ರ ಹಾಕು. ಆಮೇಲೆ ಡು ನಾಟ್ ಡಿಸ್ಟರ್ಬ್, ಅಂದರೆ ಕರೆ ಮೆಸೇಜುಗಳ ಕಾಟ ತಡೆಯೋ ಸೆಟ್ಟಿಂಗಿನಲ್ಲಿ ನಕ್ಷತ್ರ ಹಾಕಿದವರ ಕರೆಗೆ ಮಾತ್ರ ಬಿಡು ಅಂತ ಆರಿಸು. ಫೋನ್ ವೈಬ್ರೇಟಿನಲ್ಲಿರಲಿ, ಡು ನಾಟ್ ಡಿಸ್ಟರ್ಬ್ ಆನ್ ಇರಲಿ. ಅವ್ವ ಕರೆದರೆ ನಡುಗುತ್ತದೆ, ಉಳಿದವರು ಕಾಯಲಿ.

ಹಗಲೆಲ್ಲ ಗುರ್ರ್ ಅನ್ನಿಸೋದು ವಾಟ್ಸಾಪ್ ಗುಂಪುಗಳೇ ಆಗಿದ್ದರೆ ವಾಟ್ಸಾಪ್ ಸೆಟ್ಟಿಂಗಿನ ನೋಟಿಫಿಕೇಶನ್ಸ್ ಒಳಗೆ ಮೆಸೇಜಿಗೆ, ಗುಂಪಿಗೆ, ಕರೆಗೆ ಬೇರೆ ಬೇರೆ ವೈಬ್ರೇಟ್ ಇದೆ. ಗುಂಪಿನದು ಮಾತ್ರ ಆಫ್ ಮಾಡು. ಬೇರೆ ಆ್ಯಪ್‌ಗಳಿಗೂ ದಾರಿ ಇದೆ. 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಒಂದೇ ಆ್ಯಪಿನ ನೋಟಿಫಿಕೇಶನ್ನುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಇಡುತ್ತಾರೆ. ಕಾಟ ಕೊಡೋ ನೋಟಿಫಿಕೇಶನ್ ಬಂದಾಗ ಅದನ್ನೇ ಒತ್ತಿ ಹಿಡಿದು ಸೈಲೆಂಟ್ ಆರಿಸಿದರೆ ಆ ಬಗೆಯದು ಮಾತ್ರ ಸುಮ್ಮನಾಗುತ್ತದೆ. ಊಟ ತರಿಸೋ ಆ್ಯಪು ಊಟ ಬಂತು ಅಂದಾಗ ನಡುಗಲಿ, ಆಫರ್ ಇದೆ ಅಂತ ಯಾಕೆ ನಡುಗಬೇಕು?

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಹದಿನೈದು ದಿನದಿಂದ ಫೋನ್ ನಡುಗೋದೇ ನಿಂತಿದೆ. ಒಂದು ಅಂಗಡಿಯಲ್ಲಿ ಬೋರ್ಡೇ ಹೋಗಿದೆ ಅಂದರು. ನಿಜವಾ?

ಉತ್ತರ: ನೋಡದೆ ಹೌದು ಅನ್ನೋಕಾಗದು. ಆದರೆ ಬೇರೆಲ್ಲ ಕೆಲಸ ಮಾಡುವಾಗ ಬರೀ ವೈಬ್ರೇಶನ್ನಿಗೆ ಬೋರ್ಡ್ ಬದಲಿಸಿ ಅಂದರೆ ನಾನಾಗಿದ್ದರೆ ಎರಡನೇ ಅಂಗಡಿಗೆ ಹೋಗುತ್ತಿದ್ದೆ.

ಮೊದಲು ಬ್ಯಾಟರಿ ಸೇವರ್ ನೋಡಿ. ಅದು ಆನ್ ಇದ್ದರೆ ವೈಬ್ರೇಶನ್ನಿಗೂ ಕಡಿವಾಣ ಬೀಳುತ್ತದೆ, ದಿನವಿಡೀ ಮಾರ್ಕೆಟ್ಟಿನಲ್ಲಿರೋರು ಅದನ್ನು ಹಾಕಿ ಮರೆತುಬಿಡುತ್ತಾರೆ. ಆಮೇಲೆ ವೈಬ್ರೇಶನ್ ಆಂಡ್ ಹ್ಯಾಪ್ಟಿಕ್ಸ್ ಪುಟದ ತಲೆಯಲ್ಲಿ ಎಲ್ಲದಕ್ಕೂ ಒಂದೇ ಮೇನ್ ಸ್ವಿಚ್ಚು ಇದ್ದರೆ ಅದು ಆನ್ ಇದೆಯಾ ನೋಡಿ. ಇನ್ನು ಮೋಟರಿನ ಪರೀಕ್ಷೆ. ಸ್ಯಾಮ್‌ಸಂಗ್ ಆದರೆ ಡಯಲ್ ಮಾಡೋ ಜಾಗದಲ್ಲಿ *#0*# ಒತ್ತಿ, ಬರೋ ಚೌಕಗಳಲ್ಲಿ ವೈಬ್ರೇಶನ್ ಮುಟ್ಟಿ. ಬೇರೆ ಫೋನಾದರೆ ರಿಂಗ್ ಬದಲಿಸಿ ವೈಬ್ರೇಟಿಗೆ ಹಾಕಿ, ಹಾಕಿದ ಕೂಡಲೇ ಒಂದು ಸಲ ನಡುಗಬೇಕು. ನಡುಗಿತು ಅಂದರೆ ಮೋಟರ್ ಗಟ್ಟಿ ಇದೆ, ತಪ್ಪು ಸೆಟ್ಟಿಂಗಿನದು ಇಲ್ಲ ಯಾವುದೋ ಆ್ಯಪಿನದು. ನಡುಗದಿದ್ದರೆ ಸೇಫ್ ಮೋಡಿನಲ್ಲಿ, ಅಂದರೆ ನೀವು ಹಾಕಿಕೊಂಡ ಆ್ಯಪ್‌ಗಳನ್ನೆಲ್ಲ ಬದಿಗಿಟ್ಟು, ಒಂದು ಸಲ ಶುರು ಮಾಡಿ ನೋಡಿ. ಅಲ್ಲೂ ಇಲ್ಲ ಅಂದರೆ ಬಿಚ್ಚಬೇಕು.

ಎಷ್ಟೋ ಮಾಡೆಲ್‌ಗಳಲ್ಲಿ ಈ ಮೋಟರಿಗೆ ಬೆಸುಗೆಯೇ ಇರೋದಿಲ್ಲ, ಎರಡು ಪುಟ್ಟ ಸ್ಪ್ರಿಂಗು ಬೋರ್ಡಿಗೆ ತಾಗಿಕೊಂಡಿರುತ್ತವೆ. ಫೋನ್ ಬಿದ್ದಾಗ ಸರಿದಿರಬಹುದು, ಕೊಳೆ ಕೂತಿರಬಹುದು. ಒರೆಸಿ ಕೂರಿಸಿದರೆ ಮುಗಿಯಿತು. ಮೋಟರೇ ಹೋಗಿದ್ದರೂ ಅದು ಫೋನಿನೊಳಗಿನ ಅಗ್ಗದ ಭಾಗಗಳಲ್ಲಿ ಒಂದು. ಅಂಗೈಗೆ ಪಟ್ ಪಟ್ ಬಡಿಯೋ ವಿದ್ಯೆ ಮಾತ್ರ ಬೇಡ, ಎರಡು ದಿನ ನಡೆದು ಮತ್ತೆ ನಿಲ್ಲುತ್ತದೆ. ಅಂದಹಾಗೆ, ನಿಮ್ಮೂರ ಕಡೆಯ ಫೋನ್ ರಿಪೇರಿಗೆ ಬಂದರೆ ನಮ್ಮ ಅಂಗಡಿಯ ಹುಡುಗರು ಮೂಗಿಗೆ ವಸ್ತ್ರ ಕಟ್ಟಿಕೊಂಡೇ ಬಿಚ್ಚುತ್ತಾರೆ. ಕವರ್ ತೆಗೆದರೆ ಸಾಕು, ಇಡೀ ಅಂಗಡಿ ಸೀನುತ್ತದೆ.

ಪ್ರಶ್ನೆ: ವೈಬ್ರೇಶನ್ ಆಫ್ ಮಾಡಿದರೆ ಬ್ಯಾಟರಿ ಉಳಿಯುತ್ತದಾ?

ಉತ್ತರ: ಉಳಿಯುತ್ತದೆ, ಚಹಾದಲ್ಲಿ ನಾಲ್ಕು ಕಾಳು ಸಕ್ಕರೆ ಉಳಿಸಿದ ಹಾಗೆ. ಸ್ಕ್ರೀನಿನ ಬೆಳಕು ಇಳಿಸಿ.

ಪ್ರಶ್ನೆ: ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುತ್ತೇನೆ. ಕಿಸೆಯಲ್ಲಿ ಫೋನ್ ನಡುಗಿದ ಹಾಗೆ ಆಗುತ್ತದೆ, ತೆಗೆದು ನೋಡಿದರೆ ಏನೂ ಇರೋದಿಲ್ಲ. ಫೋನ್ ಕೆಟ್ಟಿದೆಯಾ?

ಉತ್ತರ: ಫೋನ್ ಸರಿಯಾಗಿದೆ, ನೀವೂ ಸರಿಯಾಗಿದ್ದೀರಿ. ಇದಕ್ಕೆ ಫ್ಯಾಂಟಮ್ ವೈಬ್ರೇಶನ್ ಅಂತ ಹೆಸರೇ ಇದೆ. 2012ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ನಿಘಂಟಿನವರು ಫ್ಯಾಂಟಮ್ ವೈಬ್ರೇಶನ್ ಸಿಂಡ್ರೋಮ್ ಅನ್ನೋದನ್ನೇ ವರ್ಷದ ಪದ ಅಂತ ಆರಿಸಿದ್ದರು. ಕಾಲಿಗೆ ಬಟ್ಟೆ ಉಜ್ಜಿದ್ದು, ಸೀಟು ನಡುಗಿದ್ದು, ಸ್ನಾಯು ಸಣ್ಣಗೆ ಹಾರಿದ್ದು, ಎಲ್ಲವನ್ನೂ ಫೋನ್ ಇರಬೇಕು ಅಂತ ಅಂದುಕೊಳ್ಳೋದನ್ನು ತಲೆ ರೂಢಿ ಮಾಡಿಕೊಂಡಿರುತ್ತದೆ. ಬಸ್ಸಿನಲ್ಲಿ ಕೂತರಂತೂ 22 ಕಿಲೋಮೀಟರ್ ಉದ್ದಕ್ಕೂ ಅದಕ್ಕೆ ನೆಪ ಸಿಗುತ್ತಲೇ ಇರುತ್ತದೆ. ನೋಟಿಫಿಕೇಶನ್ ವೈಬ್ರೇಶನ್ ಆಫ್ ಮಾಡಿ ಕರೆಯದನ್ನು ಮಾತ್ರ ಇಟ್ಟುಕೊಳ್ಳಿ, ಕಾಯೋದು ಕಡಿಮೆ ಆದ ಹಾಗೆ ಇದೂ ಕಡಿಮೆ ಆಗಬಹುದು. ಕಿಸೆ ಬದಲಿಸಿ ನೋಡಿ ಅಂತಲೂ ಕೆಲವರು ಹೇಳುತ್ತಾರೆ. ನಾನೂ ಒಮ್ಮೆ ಎಡಗಿಸೆಯಿಂದ ಬಲಗಿಸೆಗೆ ಹಾಕಿ ನೋಡಿದೆ. ಎರಡು ದಿನ ಖಾಲಿ ಎಡಗಿಸೆ ಗುರ್ರ್ ಅನ್ನುತ್ತಲೇ ಇತ್ತು.