ಮೌಲ್ಯ ಬಿಡದೆ ಕೆಲಸದ ವಲಯದಲ್ಲಿ ಪರಿಚಯ ಬೆಳೆಸಿಕೊಳ್ಳುವುದು ಹೇಗೆ?

ಎಕ್ಸಿಬಿಷನ್‌ಗೆ ಹೋಗಿ ಕಾರ್ಡ್ ಹಂಚುವುದು, ಗುರುತಿಲ್ಲದವರನ್ನು ಮಾತಾಡಿಸಿ ಆರ್ಡರ್ ಕೇಳುವುದು ನಿಮ್ಮ ಮನಸ್ಸಿಗೆ ಒಗ್ಗುವುದಿಲ್ಲ ಎಂದು ಬರೆದಿದ್ದೀರಿ. ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಸಿಎನ್‌ಸಿ ಶಾಪ್ (ಕಂಪ್ಯೂಟರ್ ಹಿಡಿತದ ಮಷಿನ್‌ನಲ್ಲಿ ಲೋಹದ ಬಿಡಿಭಾಗ ಮಾಡುವ ಕಾರ್ಖಾನೆ) ಶುರು ಮಾಡಿದಾಗ ನಾನೂ ಇದನ್ನೇ ಹೇಳುತ್ತಿದ್ದೆ. ಆಮೇಲೆ ಪೆಟ್ಟು ಬಿತ್ತು, ಆದರೆ ನಾನು ಹೆದರಿದ್ದ ಕಡೆಯಿಂದ ಬೀಳಲಿಲ್ಲ.

2019ರ ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಎಕ್ಸಿಬಿಷನ್ ಕೇಂದ್ರದಲ್ಲಿ ಇಮ್ಟೆಕ್ಸ್ ಎಂಬ ಮಷಿನ್‌ಗಳ ಪ್ರದರ್ಶನ ನಡೆದಿತ್ತು. ಅಲ್ಲಿ ಒಂದು ಗ್ರೈಂಡಿಂಗ್ ಮಷಿನ್ ಮುಂದೆ ಹಿರಿಯರೊಬ್ಬರು ಪರಿಚಯವಾದರು. ಮಣ್ಣು ಅಗೆಯುವ ಯಂತ್ರಗಳಿಗೆ ಪಿನ್ನು, ಬುಷ್ಷು ಕೊಡುವ ಕಂಪನಿಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಿದ್ದರು. ಸಣ್ಣ ಆರ್ಡರ್ ಕೊಟ್ಟರು, ಆಮೇಲೆ ದೊಡ್ಡದು ಕೊಟ್ಟರು. ಸೈಜ್ ತಪ್ಪಿದ ಪೀಸ್ ಇದ್ದರೆ ಲಾರಿ ಹೊರಡುವ ಮೊದಲೇ ನಾನು ಫೋನ್ ಮಾಡಿ ಹೇಳುತ್ತಿದ್ದೆ. ಅದು ಅವರಿಗೆ ಹಿಡಿಸಿತ್ತು.

ಅದೇ ಹೊತ್ತಿಗೆ ಸ್ನೇಹಿತರ ಮಾತು ಕೇಳಿ ಒಂದು ಗುಂಪಿಗೆ ಸೇರಿದ್ದೆ. ವಾರಕ್ಕೊಮ್ಮೆ ಬೆಳಗಿನ ತಿಂಡಿಗೆ ಸೇರಿ, ಒಬ್ಬರಿಗೊಬ್ಬರು ರೆಫರಲ್ ಕೊಡುವ, ಅಂದರೆ ಗಿರಾಕಿಗಳಿಗೆ ಒಬ್ಬರು ಇನ್ನೊಬ್ಬರ ಹೆಸರು ಹೇಳುವ ಗುಂಪು. ಯಾರು ಎಷ್ಟು ಕೊಟ್ಟರು ಎಂದು ಎಲ್ಲರ ಮುಂದೆ ಓದುತ್ತಾರೆ. ನನ್ನ ಲೆಕ್ಕ ಯಾವಾಗಲೂ ಕಡಿಮೆ. ಅಲ್ಲಿದ್ದ ಹೀಟ್ ಟ್ರೀಟ್‌ಮೆಂಟ್ (ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ) ಶಾಪ್‌ನವರೊಬ್ಬರು ನನಗೆ ಒಳ್ಳೆಯ ಗಿರಾಕಿಗಳನ್ನು ಕೊಡಿಸಿದ್ದರು. ಅವರ ಋಣ ಬಾಕಿ ಇದೆ ಅನ್ನೋ ಭಾವನೆ ಬೇರೆ.

ಒಂದು ದಿನ ಆ ಪರ್ಚೇಸ್ ಹಿರಿಯರು ಕೇಳಿದರು: 'ನಮ್ಮ ಹೀಟ್ ಟ್ರೀಟ್‌ಮೆಂಟ್‌ನವರು ತುಂಬಾ ಲೇಟ್ ಮಾಡ್ತಾರೆ. ನಿಮಗೆ ಯಾರಾದ್ರೂ ಗೊತ್ತಾ?' ನಾನು ಗುಂಪಿನವರ ಹೆಸರು ಹೇಳಿದೆ. 'ಚೆನ್ನಾಗಿ ಮಾಡ್ತಾರಾ?' 'ಮಾಡ್ತಾರೆ ಸರ್.'

ಈ 'ಮಾಡ್ತಾರೆ ಸರ್' ಎಷ್ಟು ದೊಡ್ಡ ತಪ್ಪು ಎಂದು ತಿಳಿಯಬೇಕಾದರೆ ಕೆಲಸ ಏನು ಅಂತ ಗೊತ್ತಿರಬೇಕು. ಇಎನ್ 353 ಎಂಬ ಬಗೆಯ ಉಕ್ಕಿನ ಪಿನ್ನಿಗೆ ಮೇಲ್ಪದರ ಗಟ್ಟಿಯಾಗಿರಬೇಕು, ಒಳಗೆ ಸ್ವಲ್ಪ ಮೆತ್ತಗಿರಬೇಕು. ಅದಕ್ಕೆ ಸುಮಾರು 920 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು ಮೇಲ್ಪದರಕ್ಕೆ ಕಾರ್ಬನ್ ಹತ್ತಿಸುತ್ತಾರೆ. ಎಷ್ಟು ಹೊತ್ತು ಇಟ್ಟರೆ ಅಷ್ಟು ಆಳಕ್ಕೆ ಇಳಿಯುತ್ತದೆ. ಹೊತ್ತು ಕಡಿಮೆ ಮಾಡಿದರೆ ಕರೆಂಟು ಉಳಿಯುತ್ತದೆ, ಪದರ ತೆಳ್ಳಗಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಮೇಲಿನ ಗಡಸುತನ ಅಳೆದರೂ ಎಷ್ಟೋ ಸಲ ಸರಿಯಾಗೇ ಬರುತ್ತದೆ. ಜೊತೆಗಿಟ್ಟ ಟೆಸ್ಟ್ ಪೀಸನ್ನು ಕತ್ತರಿಸಿ, ಪಾಲಿಶ್ ಮಾಡಿ, ಮೇಲಿಂದ ಒಳಕ್ಕೆ ಹಂತ ಹಂತವಾಗಿ ಅಳೆದಾಗಲೇ ನಿಜ ಗೊತ್ತಾಗುವುದು. ಹಾಗಾಗಿ ಈ ಧಂದೆಯಲ್ಲಿ ರಿಪೋರ್ಟ್ ಕೊಡುವವನ ಮೇಲಿನ ನಂಬಿಕೆಯೇ ಎಲ್ಲ.

ನನ್ನದೇ ಒಂದು ಕೆಲಸಕ್ಕೆ ಆ ಹೀಟ್ ಟ್ರೀಟ್‌ಮೆಂಟ್‌ನವರು ಕೊಟ್ಟ ರಿಪೋರ್ಟ್‌ಗಳಲ್ಲಿ ಬೇರೆ ಬೇರೆ ಬ್ಯಾಚಿಗೆ ಒಂದೇ ಅಂಕಿಗಳಿದ್ದವು. ನಾನದನ್ನು ನೋಡಿದ್ದೆ. ಬೆಂಕಿಯಲ್ಲಿ ಬೆಂದು ಬಂದ ಎರಡು ಬ್ಯಾಚು ಹಾಗೆ ಒಂದೇ ತೆರನಾಗಿ ಬರುವುದಿಲ್ಲ. ಅನುಮಾನ ಬಂದಿತ್ತು, ಕೇಳಲಿಲ್ಲ. ಮುಂದಿನ ವಾರ ತಿಂಡಿಗೆ ಎದುರು ಬದುರು ಕೂರಬೇಕಲ್ಲ ಎಂದು ಸುಮ್ನಾದೆ. ಆ ಅನುಮಾನ ಒಳಗಿಟ್ಟುಕೊಂಡೇ ಹೆಸರು ಕೊಟ್ಟೆ. ಗುಂಪಿನಲ್ಲಿ ನನ್ನ ಲೆಕ್ಕಕ್ಕೆ ಒಂದು ರೆಫರಲ್ ಸೇರಿತು, ಚಪ್ಪಾಳೆಯೂ ಬಿತ್ತು.

ಪಿನ್ನುಗಳು ಸೈಟಿನಲ್ಲಿ ಬೇಗ ಸವೆದವು. ಕತ್ತರಿಸಿ ನೋಡಿದರೆ ಪದರ ತೆಳು. ಆ ಹಿರಿಯರು ನನ್ನ ಮೇಲೆ ಕೂಗಾಡಲಿಲ್ಲ. 'ನಿಮಗೆ ಮೊದಲೇ ಅನುಮಾನ ಇತ್ತಾ?' ಎಂದಷ್ಟೇ ಕೇಳಿದರು. ಇತ್ತು ಎಂದೆ. ಅದಾದ ಮೇಲೆ ಫೋನ್ ಬರುವುದು ನಿಂತಿತು. 2020ರ ಲಾಕ್‌ಡೌನ್ ಸಡಿಲವಾದಾಗ ಪೀಣ್ಯದಲ್ಲಿ ಎಲ್ಲರೂ ಆರ್ಡರ್‌ಗೆ ಬಾಯಿ ಬಿಡುತ್ತಿದ್ದರು. ಅವರ ಕೆಲಸ ಪಕ್ಕದ ರಸ್ತೆಯ ಶಾಪಿಗೆ ಹೋಗುತ್ತಿತ್ತು. ನನ್ನ ಮಷಿನ್ ನಿಂತಿತ್ತು, ಕಂತು ನಿಂತಿರಲಿಲ್ಲ. ಆ ಪಿನ್ನಿನಲ್ಲಿ ನಾನು ಮಾಡಿದ ಟರ್ನಿಂಗ್ (ಲೋಹವನ್ನು ತಿರುಗಿಸಿ ಕೊರೆದು ಆಕಾರ ಕೊಡುವ) ಕೆಲಸದಲ್ಲಿ ಒಂದು ಮೈಕ್ರಾನ್ ತಪ್ಪೂ ಇರಲಿಲ್ಲ. ಹೋಗಿದ್ದು ನನ್ನ ಮಾತಿನ ಬೆಲೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಗುರುತಿಲ್ಲದವರ ಹತ್ತಿರ ಕೆಲಸ ಕೇಳುವುದರಲ್ಲಿ ಮೌಲ್ಯ ಕೆಡುವಂಥದ್ದು ಏನೂ ಇಲ್ಲ. ಧಾರಾಳವಾಗಿ ಕೇಳಿ. ಕೆಡುವುದು ನಿಮಗೆ ಗೊತ್ತಿಲ್ಲದ್ದಕ್ಕೆ, ಇಲ್ಲವೇ ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ನೀವು ಗ್ಯಾರಂಟಿ ನಿಂತಾಗ.

'ಸ್ನೇಹಿತರಲ್ಲದವರ ಪರಿಚಯ ಇಟ್ಟುಕೊಳ್ಳುವುದು ನಾಟಕ' ಎಂದೂ ಬರೆದಿದ್ದೀರಿ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರಿಂದ ಕೆಲಸ ಸಿಕ್ಕಿದ ಜನರನ್ನು, ಆ ಪರಿಚಯದವರನ್ನು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ ಎಂದು ಅವರು ಕೇಳಿದ್ದರು. ಪದೇ ಪದೇ ನೋಡುತ್ತಿದ್ದೆವು ಎಂದವರು ಸುಮಾರು 17%. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಕಾಣುತ್ತಿದ್ದವರಿಂದ ಕೆಲಸ ಪಡೆದವರು. ನನ್ನ ಅನುಭವವೂ ಇದೇ. ಗೆಳೆಯರಿಗೆ ಗೊತ್ತಿರುವ ಗಿರಾಕಿಗಳು ನಮಗೂ ಗೊತ್ತಿರುತ್ತಾರೆ, ಅಲ್ವಾ? ಹೊಸ ಸುದ್ದಿ ದೂರದವರಿಂದಲೇ ಬರಬೇಕು. ಆದರೆ ಅಪರೂಪಕ್ಕೆ ಕಾಣುವವರಿಗೆ ನಿಮ್ಮನ್ನು ತೂಗಿ ನೋಡಲು ನಿಮ್ಮ ಒಂದೆರಡು ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ. ಗೆಳೆಯ ಒಂದು ತಪ್ಪನ್ನು ಮರೆತಾನು. ಅವರು ಯಾಕೆ ಮರೆಯಬೇಕು?

ಲೆಕ್ಕಕ್ಕೆ ರೆಫರಲ್ ಕೇಳುವ ಗುಂಪುಗಳಿಗೆ ಸೇರಬೇಡಿ. ಕೆಲವರಿಗೆ ಅದರಿಂದ ಲಾಭವಾಗಿದೆ, ಗೊತ್ತು. ಆದರೂ ಸೇರಬೇಡಿ ಎಂದೇ ಹೇಳುತ್ತೇನೆ. ನಾನು ಬಿಟ್ಟೆ. ಇಮ್ಟೆಕ್ಸ್‌ಗೆ ಮಾತ್ರ ತಪ್ಪದೆ ಹೋಗಿ. 2024ರ ನವೆಂಬರ್‌ನಿಂದ ಬಿಐಇಸಿ ಹತ್ತಿರದ ಮಾದಾವರದವರೆಗೆ ಮೆಟ್ರೋ ಇದೆ, ಓಡಾಟ ಸುಲಭ. ನಿಮ್ಮ ಕೆಲಸದ ಮಷಿನ್ ಮುಂದೆ ನಿಂತು, ನಿಮಗೆ ನಿಜವಾಗಿ ತಲೆನೋವಾಗಿರುವ ಒಂದು ಸಮಸ್ಯೆ ಕೇಳಿ. ಪಕ್ಕದಲ್ಲಿ ನಿಂತವರು ತಾವಾಗಿಯೇ ಮಾತಿಗೆ ಬರುತ್ತಾರೆ. ಯಾರಾದರೂ ಹೆಸರು ಕೇಳಿದರೆ ನಾನೀಗ ಹೀಗೆ ಹೇಳುತ್ತೇನೆ: 'ಇವರ ಹತ್ತಿರ ನಾನು ಟರ್ನಿಂಗ್ ಮಾತ್ರ ಮಾಡಿಸಿದ್ದೀನಿ, ಅದು ಚೆನ್ನಾಗಿತ್ತು. ಉಳಿದದ್ದು ಗೊತ್ತಿಲ್ಲ, ನೀವೇ ಒಂದು ಸ್ಯಾಂಪಲ್ ಮಾಡಿಸಿ ಕತ್ತರಿಸಿ ನೋಡಿ.'