ಬೀಟಾ ಸೆಲ್‌ಗಳನ್ನ ಸೋಮಾರಿ ಅನ್ಬೇಡಿ

ನಮಸ್ಕಾರ. ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಸೆಲ್‌ಗಳು ಯಾಕೆ ಸಾಯ್ತವೆ ಅನ್ನೋ ನಿಮ್ಮ ಲೇಖನ ಓದ್ದೆ. ಒಳ್ಳೇ ವಿಷಯ, ಭಾಷೆನೂ ಸಲೀಸಾಗಿದೆ. ಆದ್ರೆ ಮೂರನೇ ಪ್ಯಾರಾಗೆ ಬಂದಾಗ ನಿಜವಾಗ್ಲೂ ಸಿಟ್ಟು ಬಂತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

"ಸೋಮಾರಿಯಾದ ಬೀಟಾ ಸೆಲ್‌ಗಳು ಕೆಲಸ ನಿಲ್ಲಿಸುತ್ತವೆ" ಅಂದಿದೀರಿ. ಸೋಮಾರಿನಾ? ಗ್ಲೂಕೋಸ್ ಏರಿದಾಗ ಒಂದೊಂದು ಬೀಟಾ ಸೆಲ್ಲೂ ನಿಮಿಷಕ್ಕೆ 10 ಲಕ್ಷದವರೆಗೂ ಪ್ರೋಇನ್ಸುಲಿನ್ (ಇನ್ಸುಲಿನ್ ಆಗೋಕೆ ಮುಂಚಿನ ರೂಪ) ಅಣು ತಯಾರಿಸಬಲ್ಲದು, ಪ್ರತಿಯೊಂದನ್ನೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಸೆಲ್ಲೊಳಗೆ ಪ್ರೋಟೀನ್ ಮಡಚೋ ಜಾಗ) ಒಳಗೆ ಸರಿಯಾಗಿ ಮಡಚಿ ಆ ಆಕಾರವನ್ನ ಹಿಡಿದಿಡೋ ಮೂರು ಡೈಸಲ್ಫೈಡ್ ಬಂಧಗಳನ್ನ ಆಯಾ ಜಾಗದಲ್ಲೇ ಕೂರಿಸ್ಬೇಕು, ಟೈಪ್ 2 ಡಯಾಬಿಟಿಸ್‌ನಲ್ಲಂತೂ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಇನ್ನೂ ಬೇಕು ಇನ್ನೂ ಬೇಕು ಅಂತಿರುತ್ತೆ. ದುಡಿದು ದುಡಿದು ಸಾಯೋ ಸೆಲ್ ಅದು. ಡಯಾಬಿಟಿಸ್ ಇರೋ ಓದುಗರು ಆ "ಸೋಮಾರಿ" ತಮಗೇ ಅಂದಿದ್ದು ಅನ್ಕೋತಾರೆ, ದಯವಿಟ್ಟು ತೆಗೀರಿ.

ಮುಂದಿನ ಸಾಲು, "ಒತ್ತಡದಿಂದ ಸೆಲ್‌ಗಳು ನಾಶವಾಗುತ್ತವೆ." ಅಷ್ಟೇನಾ? ನಡುವೆ ಏನಾಯ್ತು? ನಾನು ಡೆಸ್ಕಿಗೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಸಂಪಾದಕರು ಸೈನ್ಸ್ ಕಾಪಿನ ಜೋರಾಗಿ ಓದಿಸೋರು, ಒಂದೊಂದು ಕ್ರಿಯಾಪದದ ಹತ್ರನೂ ನಿಲ್ಲಿಸಿ "ಯಾರು ಮಾಡಿದ್ದು, ಹೇಗೆ ಮಾಡಿದ್ದು" ಅಂತ ಕೇಳೋರು, ಉತ್ತರ ಸಿಗೋವರೆಗೂ ಮುಂದಿನ ಸಾಲಿಗೆ ಹೋಗೋಕೆ ಬಿಡ್ತಿರ್ಲಿಲ್ಲ. ಅದೇ ಪ್ರಶ್ನೆ ನಿಮಗೆ.

ಇಲ್ಲಿ ಒತ್ತಡ ಅಂದ್ರೆ ತಪ್ಪಾಗಿ ಮಡಚಿದ ಪ್ರೋಟೀನ್ ರೆಟಿಕ್ಯುಲಮ್‌ನಲ್ಲಿ ಜಮಾ ಆಗೋದು, ಆದ್ರೆ ಜಮಾ ಆದ ತಕ್ಷಣ ಸೆಲ್ ಸಾಯಲ್ಲ. ಮೊದಲು ಉಳ್ಕೊಳ್ಳೋಕೆ ನೋಡುತ್ತೆ. ಪರ್ಕ್ ಅನ್ನೋ ಪ್ರೋಟೀನ್ ಹೊಸ ತಯಾರಿಕೆಗೆ ಬ್ರೇಕ್ ಹಾಕುತ್ತೆ, ಐಆರ್‌ಇ1 ಮತ್ತು ಎಟಿಎಫ್6 ಅನ್ನೋ ಇನ್ನೆರಡು ಪ್ರೋಟೀನ್‌ಗಳು ಮಡಚೋಕೆ ನೆರವಾಗೋ ಪ್ರೋಟೀನ್‌ಗಳನ್ನ ಹೆಚ್ಚಿಸ್ತವೆ, ಕೆಟ್ಟಿದ್ದನ್ನ ರೆಟಿಕ್ಯುಲಮ್‌ನಿಂದ ಹೊರಗೆ ಹಾಕಿ ಒಡೆಯೋ ಕೆಲಸನೂ ಚುರುಕಾಗುತ್ತೆ. ಎಷ್ಟೋ ಸಲ ಇಷ್ಟರಲ್ಲೇ ಸೆಲ್ ಚೇತರಿಸ್ಕೊಳ್ಳುತ್ತೆ. ಒತ್ತಡ ಬಿಡದೆ ಮುಂದುವರಿದ್ರೆ ಮಾತ್ರ, ಕಾಪಾಡೋಕೆ ಹೊರಟಿದ್ದ ಅದೇ ಪರ್ಕ್ ದಾರಿಯಲ್ಲಿ ಚಾಪ್ ಅನ್ನೋ ಇನ್ನೊಂದು ಪ್ರೋಟೀನ್ ಏರಿ ಸೆಲ್‌ನ ಅಪಾಪ್ಟೋಸಿಸ್ ಕಡೆ, ಅಂದ್ರೆ ತನ್ನನ್ನ ತಾನೇ ಕ್ರಮವಾಗಿ ಕೊಂದುಕೊಳ್ಳೋ ಕಡೆ ತಳ್ಳುತ್ತೆ. ಲೇಖನದ ಜೀವಾಳನೇ ಇದು ಕಣ್ರೀ, ಇದನ್ನೇ ಹಾರಿಸಿಬಿಟ್ಟಿದೀರಿ!

ವಾಲ್ಕಾಟ್-ರಾಲಿಸನ್ ಸಿಂಡ್ರೋಮ್ ಅನ್ನೋದನ್ನ ಲೇಖನದ ಕೊನೇಲಿ ಅಪರೂಪದ ಕಾಯಿಲೆ ಅಂತ ಒಂದೇ ಸಾಲಲ್ಲಿ ಮುಗಿಸಿದೀರಿ. ಅಲ್ಲಿ ಕೆಟ್ಟಿರೋದು ಪರ್ಕ್‌ನ ಜೀನೇ, ಬ್ರೇಕ್ ಇಲ್ಲದ ಬೀಟಾ ಸೆಲ್‌ಗಳು ಉಳಿಯಲ್ಲ, ಮಗುಗೆ ಸಾಮಾನ್ಯವಾಗಿ ಹುಟ್ಟಿದ ಕೆಲವೇ ತಿಂಗಳಲ್ಲಿ ಡಯಾಬಿಟಿಸ್ ಬರುತ್ತೆ. ಅದನ್ನ ಮೂರನೇ ಪ್ಯಾರಾಗೆ ತನ್ನಿ. ಟೈಪ್ 1 ಭಾಗ ಹಾಗೇ ಇರ್ಲಿ. ತಿದ್ದಿ ಕಳ್ಸಿ, ಬಂದ ದಿನಾನೇ ಓದ್ತೀನಿ.