ಜಿಪ್ಸಿ 1.3ಗೆ ಕಸ್ಟಮ್ ಹೆಡರ್: 4-1 ಬೇಕಾ, 4-2-1 ಬೇಕಾ? ಪೈಪ್ ಸೈಜ್ ಎಷ್ಟು?

ನಿಮ್ಮ ಪ್ರಶ್ನೆ ಇಷ್ಟು: ಎಂಪಿಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಜಿಪ್ಸಿಯನ್ನು ಚಿಕ್ಕಮಗಳೂರು ಕಡೆಯ ಮಣ್ಣಿನ ರ‍್ಯಾಲಿಗೆ ತಯಾರು ಮಾಡುತ್ತಿದ್ದೀರಿ, ಫ್ಯಾಬ್ರಿಕೇಟರ್ 2 ಇಂಚಿನ ಪೈಪಿನಲ್ಲಿ 4-1 ಹೆಡರ್ ಮಾಡಿಕೊಡುತ್ತೇನೆ ಅಂದಿದ್ದಾರೆ, ಒಪ್ಪಬಹುದಾ? ಬೇಡ. ಎರಡೂ ತಪ್ಪು ಆಯ್ಕೆ. ಹೆಡರ್ ಅಂದರೆ ನಾಲ್ಕು ಸಿಲಿಂಡರಿನ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಪೈಪುಗಳ ಗುಂಪು; 4-1ರಲ್ಲಿ ನಾಲ್ಕೂ ಒಂದೇ ಕಡೆ ಸೇರುತ್ತವೆ, 4-2-1ರಲ್ಲಿ ಮೊದಲು ಎರಡೆರಡಾಗಿ ಸೇರಿ ಆಮೇಲೆ ಒಂದಾಗುತ್ತವೆ. 4-2-1 ಮಾಡಿಸಿ, ಪ್ರೈಮರಿ ಪೈಪ್ (ಸಿಲಿಂಡರಿನಿಂದ ನೇರ ಹೊರಡುವ ಪೈಪ್) ಹೊರವ್ಯಾಸದಲ್ಲಿ ಒಂದೂವರೆ ಇಂಚು ದಾಟಬಾರದು.

ಯಾಕೆ ಅಂತ ಹೇಳುತ್ತೇನೆ. ಜಿ13ಬಿಬಿ ಎಂಜಿನ್ 1298 ಸಿಸಿ, ಅಂದರೆ ಒಂದು ಸಿಲಿಂಡರಿಗೆ ಸುಮಾರು 324 ಸಿಸಿ. ಕಂಪನಿಯ ಲೆಕ್ಕದಲ್ಲಿ ಟಾರ್ಕ್ 4500 ಆರ್‌ಪಿಎಂಗೆ, ಪವರ್ 6000ಕ್ಕೆ ತುದಿ ಮುಟ್ಟುತ್ತದೆ. ಕಾಫಿ ತೋಟದ ನಡುವಿನ ತಿರುವುಗಳಲ್ಲಿ ನೀವು 7000ದಲ್ಲಿ ಎಷ್ಟು ಹೊತ್ತು ಇರುತ್ತೀರಿ? ತಿರುವಿನಿಂದ ಹೊರಗೆ ಬರುವಾಗ 3500ರಿಂದ 5500ರ ನಡುವೆ ಎಂಜಿನ್ ಎಳೆಯಬೇಕು. ಹೆಡರನ್ನು ಅದಕ್ಕೇ ಅಳೆದು ಮಾಡಬೇಕು.

ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಒತ್ತಡದ ಒಂದು ಅಲೆ ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುವ ಕಡೆ, ಅಂದರೆ ಪೈಪುಗಳು ಸೇರುವ ಕಲೆಕ್ಟರಿನಲ್ಲಿ, ಅದು ಎಳೆಯುವ ಅಲೆಯಾಗಿ ತಿರುಗಿ ವಾಪಸ್ ಬರುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಸ್ವಲ್ಪ ತೆರೆದಿರುವ ಓವರ್‌ಲ್ಯಾಪ್ ಹೊತ್ತಿಗೆ ಅದು ಬಂದು ಮುಟ್ಟಿದರೆ, ಉಳಿದ ಹೊಗೆಯನ್ನು ಎಳೆದುಹಾಕಿ ಹೊಸ ಮಿಶ್ರಣಕ್ಕೆ ದಾರಿ ಮಾಡುತ್ತದೆ. ಬಿಸಿ ಗ್ಯಾಸಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ 500 ಮೀಟರಿಗೂ ಜಾಸ್ತಿ, ಆರ್‌ಪಿಎಂ ಏರಿದರೂ ಅದು ಅಷ್ಟಾಗಿ ಬದಲಾಗುವುದಿಲ್ಲ, ಆದರೆ ವಾಲ್ವ್ ಕೊಡುವ ಸಮಯ ಬದಲಾಗುತ್ತದೆ, ಅದಕ್ಕೇ ಒಂದು ಉದ್ದ ಒಂದು ಆರ್‌ಪಿಎಂ ಸುತ್ತಮುತ್ತ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದ ಪೈಪ್ ಕೆಳಗಿನ ಆರ್‌ಪಿಎಂಗೆ, ಗಿಡ್ಡ ಪೈಪ್ ಮೇಲಿನದಕ್ಕೆ.

ಇನ್ನು 4-1 ಯಾಕೆ ಬೇಡ? ಫೈರಿಂಗ್ ಆರ್ಡರ್ 1-3-4-2. ಪ್ರತಿ 180 ಡಿಗ್ರಿಗೆ ಒಂದು ಸಿಲಿಂಡರ್ ಫೈರ್ ಆಗುತ್ತದೆ, ಆದರೆ ಎಕ್ಸಾಸ್ಟ್ ವಾಲ್ವ್ ತೆರೆದಿರುವುದು 230-240 ಡಿಗ್ರಿಗೂ ಮೇಲೆ. ಅಂದರೆ ಒಂದು ಮುಚ್ಚುವ ಮೊದಲೇ ಮುಂದಿನದು ತೆರೆದು ತನ್ನ ಒತ್ತಡವನ್ನು ಅದೇ ಕಲೆಕ್ಟರಿಗೆ ತಳ್ಳುತ್ತದೆ. 1 ಮತ್ತು 4, 2 ಮತ್ತು 3 ಜೋಡಿ ಮಾಡಿದರೆ ಜೋಡಿಯ ನಡುವೆ 360 ಡಿಗ್ರಿ ಅಂತರ ಸಿಗುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ತುದಿಯ ಪವರ್ ಸ್ವಲ್ಪ ಕಡಿಮೆಯಾಗಬಹುದು, ಮಧ್ಯದ ಟಾರ್ಕ್ ಮಾತ್ರ ಅಗಲವಾಗಿ ಹರಡಿಕೊಳ್ಳುತ್ತದೆ. ಟ್ರ್ಯಾಕಿನಲ್ಲಿ ಯಾವಾಗಲೂ ಮೇಲೆಯೇ ತಿರುಗಿಸುವ ಕಾರಿಗೆ 4-1 ಸರಿ, ಅದನ್ನು ಒಪ್ಪುತ್ತೇನೆ.

ಈಗ ಲೆಕ್ಕ. ಟ್ಯೂನರುಗಳು ಹಳೆ ಕಾಲದಿಂದ ಬಳಸುವ ಸೂತ್ರ: 850ನ್ನು ಎಕ್ಸಾಸ್ಟ್ ಡಿಗ್ರಿಯಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ, 3 ಕಳೆಯಿರಿ. ಬರುವುದು ಇಂಚಿನಲ್ಲಿ ಉದ್ದ. ಡಿಗ್ರಿ ಅಂದರೆ 180ಕ್ಕೆ, ಪಿಸ್ಟನ್ ಕೆಳಗೆ ಮುಟ್ಟುವ ಎಷ್ಟು ಡಿಗ್ರಿ ಮೊದಲು ವಾಲ್ವ್ ತೆರೆಯುತ್ತದೋ ಅದನ್ನು ಕೂಡಿಸಿದ್ದು. ನಿಮ್ಮ ಕ್ಯಾಮಿನ (ವಾಲ್ವ್ ತೆರೆಸುವ ಶಾಫ್ಟಿನ) ಅಂಕಿಯನ್ನು ಮ್ಯಾನುಯಲ್‌ನಲ್ಲಿ ನೋಡಿ ಹಾಕಿಕೊಳ್ಳಿ. ಉದಾಹರಣೆಗೆ 55 ಅಂದುಕೊಂಡರೆ 235. 5500 ಆರ್‌ಪಿಎಂಗೆ 33 ಇಂಚು ಚಿಲ್ಲರೆ, ಹತ್ತಿರ ಹತ್ತಿರ 85 ಸೆಂಟಿಮೀಟರ್. 4-2-1ರಲ್ಲಿ ಇದು ಎರಡೂ ಹಂತ ಸೇರಿದ ಉದ್ದ: ಪ್ರೈಮರಿ 15 ಇಂಚು, ಜೋಡಿಯಾದ ನಂತರದ ಸೆಕೆಂಡರಿ 18 ಇಂಚು.

ಒಳವ್ಯಾಸಕ್ಕೆ, ಆ ಉದ್ದಕ್ಕೆ ಮತ್ತೆ 3 ಕೂಡಿಸಿ 25ರಿಂದ ಗುಣಿಸಿ, ಒಂದು ಸಿಲಿಂಡರಿನ ಸಿಸಿಯನ್ನು ಅದರಿಂದ ಭಾಗಿಸಿ, ವರ್ಗಮೂಲ ತೆಗೆದು 2.1ರಿಂದ ಗುಣಿಸಿ. 1.25 ಇಂಚು, ಅಂದರೆ 32 ಮಿಲಿಮೀಟರ್ ಬರುತ್ತದೆ. ಸೆಕೆಂಡರಿ ಅದರ 1.3ರಷ್ಟು, 42 ಮಿಲಿಮೀಟರ್. 2 ಇಂಚಿನ ಪ್ರೈಮರಿಗೂ ಇದಕ್ಕೂ ಎಷ್ಟು ದೂರ ನೋಡಿ! ಅಷ್ಟು ದೊಡ್ಡ ಪೈಪಿನಲ್ಲಿ ಗ್ಯಾಸಿನ ವೇಗ ಸತ್ತುಹೋಗುತ್ತದೆ. ಒಲೆ ಊದಲು ಅಜ್ಜಿ ಸಣ್ಣ ಊದುಗೊಳವೆಯನ್ನೇ ಹಿಡಿಯುತ್ತಿದ್ದರು ಅಲ್ವಾ, ಅದೇ ಕಾರಣ. ಇದನ್ನೇ ಜನ ಎಂಜಿನ್ನಿಗೆ ಬ್ಯಾಕ್ ಪ್ರೆಶರ್ (ಹೊಗೆಗೆ ಎದುರಾಗುವ ಒತ್ತಡ) ಬೇಕು ಅಂತ ಹೇಳುವುದು, ಆದರೆ ಯಾವ ಎಂಜಿನ್ನಿಗೂ ಅದು ಬೇಡ, ಬೇಕಾಗಿರುವುದು ವೇಗ.

ಮಾರ್ಕೆಟ್ಟಿನಲ್ಲಿ ಸಿಗುವುದು ಒಂದೂವರೆ ಇಂಚು ಹೊರವ್ಯಾಸದ ಟ್ಯೂಬ್. 2 ಮಿಲಿಮೀಟರ್ ಗೋಡೆ ಇದ್ದರೆ ಒಳಗೆ 34 ಉಳಿಯುತ್ತದೆ, ಅದು ಸಾಕು. ಸೆಕೆಂಡರಿಗೆ ಒಂದೂಮುಕ್ಕಾಲು ಇಂಚು, 1.6 ಗೋಡೆ, ಒಳಗೆ 41. ಅಂಗಡಿಯಲ್ಲಿ ‘ಓಡಿ ಟ್ಯೂಬ್’ (ಹೊರವ್ಯಾಸದಲ್ಲಿ ಅಳೆದದ್ದು) ಅಂತಲೇ ಕೇಳಿ. ಸುಮ್ನೆ ಒಂದೂವರೆ ಇಂಚಿನ ಪೈಪ್ ಅಂದರೆ ನೀರಿನ ಪೈಪಿನ ಎನ್‌ಬಿ (ಹೆಸರಿಗಷ್ಟೇ ಇರುವ ಒಳವ್ಯಾಸ) ಅಳತೆ ಕೊಟ್ಟುಬಿಡುತ್ತಾರೆ, ಅದರ ಹೊರವ್ಯಾಸ 48.3 ಮಿಲಿಮೀಟರ್. ಇಡೀ ಲೆಕ್ಕ ಅಲ್ಲೇ ಕೆಡುತ್ತದೆ. ಬೆಂಡ್‌ಗಳು ಮ್ಯಾಂಡ್ರೆಲ್ ಬೆಂಡ್ (ಒಳಗೆ ಅಚ್ಚು ಇಟ್ಟು ಬಗ್ಗಿಸಿದ್ದು) ಆಗಿರಲಿ, ಒತ್ತಿ ಬಗ್ಗಿಸಿದ್ದು ತಿರುವಿನಲ್ಲಿ ಚಪ್ಪಟೆಯಾಗುತ್ತದೆ.

ನಾಲ್ಕೂ ಪ್ರೈಮರಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಇರಬೇಕೆಂದಿಲ್ಲ, ಒಂದು ಇಂಚಿನೊಳಗೆ ಇದ್ದರೆ ನನ್ನ ಪ್ರಕಾರ ಸರಿ. ಪೈಪಿನ ನಡುರೇಖೆಯಲ್ಲಿ ಅಳೆಯಿರಿ. ಹೆಡ್ಡಿಗೆ ಬಿಗಿಯುವ ಪಟ್ಟಿ, ಅಂದರೆ ಫ್ಲಾಂಜ್, 10 ಮಿಲಿಮೀಟರ್ ದಪ್ಪ ಇರಲಿ, ವೆಲ್ಡ್ ಮಾಡುವಾಗ ಅದನ್ನು ಗುಜರಿ ಸಿಲಿಂಡರ್ ಹೆಡ್ಡಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು, ಇಲ್ಲದಿದ್ದರೆ ಬಾಗುತ್ತದೆ, ಆಮೇಲೆ ಯಾವ ಗ್ಯಾಸ್ಕೆಟ್ ಹಾಕಿದರೂ ಲೀಕ್. ಎಲ್ಲ ಪೈಪನ್ನೂ ಗಾಡಿಯ ಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಹಾಕಿ ಕೂರಿಸಿ, ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಜಾಗ ಉಳಿದಿದೆಯಾ ನೋಡಿ, ಆಮೇಲೇ ಪೂರ್ತಿ ವೆಲ್ಡ್. ಜಿಪ್ಸಿಯ ಮುಂದಿನ ಆಕ್ಸಲ್ ಇಡಿಯಾಗಿ ಮೇಲೆ ಏಳುತ್ತದೆ, ನಿಂತ ಗಾಡಿಯಲ್ಲಿ ಸಿಗುವ ಜಾಗವನ್ನು ನಂಬಬೇಡಿ. ಕಲೆಕ್ಟರ್ ಆದಮೇಲೆ ಒಂದು ಫ್ಲೆಕ್ಸ್ ಬೆಲ್ಲೋ (ಬಾಗುವ ಸುಕ್ಕು ಪೈಪ್) ಇಲ್ಲದಿದ್ದರೆ ಎಂಜಿನ್ ಅಲುಗಾಡಿ ವೆಲ್ಡ್ ಬಿರುಕು ಬಿಡುತ್ತದೆ. ಸ್ಟೇನ್‌ಲೆಸ್ 304 ಬಿಸಿಗೆ ಮೈಲ್ಡ್ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಅದನ್ನು ಆರಿಸಿದರೆ ಸ್ಲಿಪ್ ಜಾಯಿಂಟ್ (ಒಂದರೊಳಗೊಂದು ಜಾರುವ ಜೋಡಣೆ) ಬೇಕು, ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗಡೆ ಆರ್ಗಾನ್ ಬೇಕು. ರ‍್ಯಾಲಿ ಗಾಡಿಗೆ ನಾನಾದರೆ ಮೈಲ್ಡ್ ಸ್ಟೀಲನ್ನೇ ಹಾಕುತ್ತೇನೆ, ದಾರಿಯಲ್ಲಿ ಒಡೆದರೆ ಯಾವ ಊರಿನ ವೆಲ್ಡರಾದರೂ ಹಚ್ಚಿಕೊಡುತ್ತಾನೆ.

ಹಿಂದಿನ ಪೈಪಿಗೆ ಒಂದೂಮುಕ್ಕಾಲು ಇಂಚು ಸಾಕು. ಆಕ್ಸಿಜನ್ ಸೆನ್ಸರನ್ನು ಪೈಪಿನ ಮೇಲ್ಭಾಗಕ್ಕೇ ಕೂರಿಸಿ, ನೀರು ಅದರಲ್ಲಿ ನಿಲ್ಲಬಾರದು. ಅದಕ್ಕಿಂತ ಮುಂಚೆ ಎಲ್ಲಾದರೂ ಲೀಕ್ ಇದ್ದರೆ ಗಾಳಿ ಒಳಗೆ ಎಳೆದುಕೊಂಡು ಲೀನ್ (ಪೆಟ್ರೋಲ್ ಕಡಿಮೆ) ಅಂತ ಸುಳ್ಳು ತೋರಿಸುತ್ತದೆ. ಗಾಡಿ ರಸ್ತೆಯ ಮೇಲೂ ಓಡುವುದಾದರೆ ಕ್ಯಾಟ್ (ಹೊಗೆ ಶುದ್ಧ ಮಾಡುವ ಕನ್ವರ್ಟರ್) ಮತ್ತು ಸೈಲೆನ್ಸರ್ ತೆಗೆಯಬೇಡಿ, ಶಬ್ದ ಮತ್ತು ಹೊಗೆಗೆ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ ಇದೆ.

ಕ್ಯಾಮ್ ಸ್ಟಾಕ್ ಅಲ್ಲದಿದ್ದರೆ ಅದರ ಕ್ಯಾಮ್ ಕಾರ್ಡಿನ ಅಂಕಿಗಳನ್ನು ಇಲ್ಲೇ ಬರೆಯಿರಿ, ಉದ್ದವನ್ನು ಮತ್ತೆ ಲೆಕ್ಕ ಹಾಕಿ ಕೊಡುತ್ತೇನೆ. ಅಲ್ಲಿಯವರೆಗೆ ಪೈಪ್ ಕತ್ತರಿಸಬೇಡಿ.